ಗಳಿಗೆಗೊಂದು ಹವೆಯಲ್ಲಿ ಸ್ಕೀ ಜಂಪಿಂಗ್: ಹವ್ಯಾಸಿಗಳಿಗೆ ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಮೈನಸ್ 9 ಡಿಗ್ರಿ. ಮಧ್ಯಾಹ್ನ ಪ್ಲಸ್ 1, ಜೊತೆಗೆ ಒದ್ದೆ ಹಿಮ. ಸಂಜೆ ತುಂತುರು ಮಳೆ, ರಾತ್ರಿ ಮತ್ತೆ ಹೆಪ್ಪುಗಟ್ಟುವ ಚಳಿ. ನಾರ್ವೆಯ ಓಸ್ಲೋದಲ್ಲಿ ಜನವರಿ, ಫೆಬ್ರವರಿಯ ಎಷ್ಟೋ ದಿನಗಳು ಹೀಗೇ ಇರುತ್ತವೆ. ಸ್ಕೀ ಜಂಪಿಂಗ್ ಅಂದರೆ ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರಿ ಬಂದು, ತುದಿಯಿಂದ ಗಾಳಿಗೆ ಹಾರಿ, ಕೆಳಗಿನ ಇಳಿಜಾರಿನಲ್ಲಿ ಇಳಿಯುವ ಆಟ. ಟಿವಿಯಲ್ಲಿ ಕಾಣುವ ಸ್ಕೀ ಜಂಪಿಂಗ್‌ನವರಿಗೆ ಇಂಥ ಹವೆಯನ್ನು ನಿಭಾಯಿಸಲು ವ್ಯವಸ್ಥೆ ಇದೆ. ಅಲ್ಲಿ ಟ್ರ್ಯಾಕನ್ನು ಯಂತ್ರ ಇಟ್ಟು ತಣ್ಣಗೆ ಕಾಪಾಡುತ್ತಾರೆ. ಇಳಿಜಾರಿನ ಉದ್ದಕ್ಕೂ ಗಾಳಿ ಅಳೆಯುವ ಮೀಟರ್ ಇರುತ್ತವೆ. 2010ರ ಸುಮಾರಿನಿಂದ ಗಾಳಿಯ ಏರುಪೇರಿಗೆ ತಕ್ಕಂತೆ ಅಂಕ ಕೂಡಿಸುವ, ಕಳೆಯುವ ಪದ್ಧತಿಯೂ ಬಂದಿದೆ. ವಾರದಲ್ಲಿ ಒಂದೆರಡು ಸಂಜೆ, ಆಫೀಸು ಸ್ಕೂಲು ಮುಗಿಸಿ, ಊರಂಚಿನ ಚಿಕ್ಕ ಹಿಲ್‌ಗೆ (ಹಾರಲೆಂದೇ ಕಟ್ಟಿದ ಇಳಿಜಾರಿಗೆ) ಹೋಗುವ ನಮ್ಮಂಥವರಿಗೆ ಇದ್ಯಾವುದೂ ಇಲ್ಲ. ನಮಗಿರುವುದು ಒಬ್ಬ ಕೋಚ್, ಒಂದು ಬಾವುಟ, ಒಂದೆರಡು ಸಲಿಕೆ, ಅಷ್ಟೇ.

ಈ ಆಟಕ್ಕೆ ಬೇಕಾದ್ದು ಧೈರ್ಯ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಧೈರ್ಯ ಬೇಕು, ಆದರೆ ಅದು ಬೇಗ ಬಂದುಬಿಡುತ್ತದೆ. ಬರದೆ ಸತಾಯಿಸುವುದು ಒಂದೇ ವೇಗದಲ್ಲಿ ಬಂದು, ಒಂದೇ ಜಾಗದಲ್ಲಿ ಒದ್ದು, ಒಂದೇ ರೀತಿ ಮತ್ತೆ ಮತ್ತೆ ಹಾರುವ ಅಭ್ಯಾಸ. ಹವೆ ಕೆಡಿಸುವುದು ಅದನ್ನೇ. ಹಾಗಾಗಿ ಹವೆ ಬದಲಾದಾಗ ನೀವು ಬದಲಾಯಿಸಬೇಕಾದ್ದು ಹಿಲ್, ಗೇಟ್ (ಹೊರಡುವ ಜಾಗ), ಸ್ಕೀ ತಳಕ್ಕೆ ಹಚ್ಚುವ ಮೇಣ ಮತ್ತು ಮನೆಗೆ ಹೊರಡುವ ಸಮಯ. ಮುಂದೆ ಬರೆದಿರುವುದೆಲ್ಲ ಅದರ ವಿವರ.

ಹಿಲ್‌ನ ಪರಿಚಯ

ಹಿಲ್‌ಗಳನ್ನು ಕೆ-ಪಾಯಿಂಟ್ ಲೆಕ್ಕದಲ್ಲಿ ಕರೆಯುತ್ತಾರೆ. ಕೆ 20 ಅಂದರೆ ಟೇಕ್‌ಆಫ್ ತುದಿಯಿಂದ ಕೆ-ಪಾಯಿಂಟ್‌ಗೆ 20 ಮೀಟರ್. ಅಲ್ಲಿಂದ ಮುಂದೆ ಇಳಿಜಾರು ಮೆಲ್ಲಗೆ ಸಮತಟ್ಟಾಗುತ್ತದೆ. ದೊಡ್ಡ ಹಿಲ್‌ಗಳಿಗೆ ಎಚ್‌ಎಸ್, ಅಂದರೆ ಹಿಲ್ ಸೈಜ್ (ಸುರಕ್ಷಿತವಾಗಿ ಇಳಿಯಬಹುದಾದ ಗಡಿಯ ದೂರ, ಮೀಟರ್‌ನಲ್ಲಿ) ಹೇಳುವುದು ರೂಢಿ. ಓಸ್ಲೋದ ಹೋಲ್ಮೆನ್‌ಕೋಲೆನ್ ಎಚ್‌ಎಸ್ 134. ಅದರ ಕೆಳಗಿನ ಮಿಡ್‌ಸ್ಟುಬಾಕನ್ ಎಚ್‌ಎಸ್ 106. ಇವೆರಡನ್ನೂ ನೋಡಿ ಖುಷಿಪಡಿ, ಸದ್ಯಕ್ಕೆ ಅಷ್ಟು ಸಾಕು. ಹವ್ಯಾಸಿಗಳ ಲೋಕ ಇರುವುದು ಕೆ 10, ಕೆ 20, ಬಹಳ ಆದರೆ ಕೆ 40ರಲ್ಲಿ. ಮೊದಲ ಚಳಿಗಾಲ ಪೂರ್ತಿ ಕೆ 10 ಮತ್ತು ಕೆ 20ರಲ್ಲೇ ಕಳೆದರೂ ಏನೂ ನಷ್ಟವಿಲ್ಲ.

ಮೇಲೆ ಕೂತು ಹೊರಡುವ ಜಾಗ ಗೇಟ್. ಒಂದರ ಮೇಲೊಂದು ಹಲವು ಗೇಟ್ ಇರುತ್ತವೆ, ಮೇಲಿನದರಿಂದ ಹೊರಟಷ್ಟೂ ವೇಗ ಜಾಸ್ತಿ. ಅಲ್ಲಿಂದ ಜಾರಿ ಬರುವ ದಾರಿ ಇನ್‌ರನ್, ಅದರಲ್ಲಿ ಎರಡು ಗೀರು ಟ್ರ್ಯಾಕ್. ಇನ್‌ರನ್‌ನ ಕೊನೆಯ ಭಾಗ ಟೇಬಲ್. ಟೇಬಲ್ ಮೇಲಕ್ಕೆ ಎತ್ತಿರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ದೊಡ್ಡ ಹಿಲ್‌ಗಳಲ್ಲಿ ಅದು ಸುಮಾರು 10–11 ಡಿಗ್ರಿ ಕೆಳಕ್ಕೇ ಬಾಗಿರುತ್ತದೆ. ನಿಮ್ಮನ್ನು ಮೇಲಕ್ಕೆ ಎತ್ತುವುದು ನಿಮ್ಮ ಕಾಲೇ. ಟೇಬಲ್ ದಾಟಿದ ಕೂಡಲೇ ಸಿಗುವ ದುಂಡನೆ ಭಾಗಕ್ಕೆ ಉಬ್ಬು ಅನ್ನೋಣ. ಅದರ ಆಚೆ ಕಡಿದಾದ ಲ್ಯಾಂಡಿಂಗ್ ಇಳಿಜಾರು, ಕೊನೆಗೆ ನಿಲ್ಲುವ ಬಯಲು, ಔಟ್‌ರನ್.

ಇದರಲ್ಲಿ ತಲೆಗೆ ಹತ್ತಬೇಕಾದ್ದು ಒಂದು ವಿಷಯ. ಹಾರುವವರು ನೆಲದಿಂದ ಬಹಳ ಎತ್ತರದಲ್ಲಿ ಇರುವುದಿಲ್ಲ. ಇಳಿಜಾರೂ ಹಾರಾಟವೂ ಜೊತೆಜೊತೆಗೆ ಕೆಳಗಿಳಿಯುತ್ತವೆ. ಕಡಿದಾದ ಕಡೆ ಇಳಿದರೆ ಪೆಟ್ಟು ಕಡಿಮೆ. ಉಬ್ಬಿನ ಮೇಲೋ ಕೊನೆಯ ಸಮತಟ್ಟಿನಲ್ಲೋ ಇಳಿದರೆ ಮೊಣಕಾಲಿಗೆ ಪೂರ್ತಿ ಪೆಟ್ಟು. ಅಂದರೆ ವೇಗ ಜಾಸ್ತಿಯಾದರೂ ಅಪಾಯ, ಕಡಿಮೆಯಾದರೂ ಅಪಾಯ. ಹವೆಯ ವಿಷಯ ಇಷ್ಟು ಮುಖ್ಯವಾಗುವುದು ಇದಕ್ಕೇ.

ಹಾರುವ ಮುಂಚೆ ಇಳಿಯಲು ಬರಬೇಕು

ಸಾದಾ ಸ್ಕೀ ಹಾಕಿಕೊಂಡು ಸಾಧಾರಣ ಕಡಿದಾದ ಇಳಿಜಾರನ್ನು ನೇರವಾಗಿ ಇಳಿದು, ಹೇಳಿದ ಜಾಗದಲ್ಲಿ ನಿಲ್ಲಲು ನಿಮಗೆ ಬರಬೇಕು. ಬರದಿದ್ದರೆ ಜಂಪಿಂಗ್ ಸದ್ಯಕ್ಕೆ ಬೇಡ. ಊರಿನಿಂದ ಹೊಸದಾಗಿ ಬರುವವರಿಗೆ ಗುಲ್ಮಾರ್ಗ್‌ನಲ್ಲೋ ಔಲಿಯಲ್ಲೋ ಸ್ಕೀ ಕಲಿತು ಬನ್ನಿ ಅಂತ ನಾನು ಹೇಳುವುದುಂಟು. ಹಿಮ ಕಾಣದ ನಾಡಿನವರಿಗೆ ಇದೆಲ್ಲ ಆಗದು ಅನ್ನುವವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರನ್ನು ನೋಡಲಿ. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶಕ್ಕೆ ಆಡುತ್ತಾರೆ. ಜಂಪಿಂಗ್ ಬೇರೆ ವಿದ್ಯೆ, ಆದರೆ ಕಾಲಿಗೆ ಹಿಮ ಒಗ್ಗುವುದು ಎಲ್ಲದಕ್ಕೂ ಮೊದಲು.

ಓಸ್ಲೋದಲ್ಲಿ ಇದು ಸುಲಭ. 1883ರಿಂದ ಇರುವ ಸ್ಕಿಫೋರೆನಿಂಗೆನ್ ಎಂಬ ಸ್ಕೀ ಸಂಘ ಮಕ್ಕಳಿಗೂ ದೊಡ್ಡವರಿಗೂ ಸ್ಕೀ ಪಾಠ ನಡೆಸುತ್ತದೆ. ಮೆಟ್ರೋದ 1ನೇ ಲೈನ್ ಹತ್ತಿದರೆ ಸ್ಕೀ ಹಿಡಿದವರೇ ಡಬ್ಬಿ ತುಂಬ. ಜಂಪಿಂಗ್ ಮಾತ್ರ ಯಾವುದಾದರೂ ಕ್ಲಬ್ ಸೇರಿಯೇ ಮಾಡಿ. ಯಾರೂ ಇಲ್ಲದ ಹಿಲ್‌ನಲ್ಲಿ ಒಬ್ಬರೇ ಹಾರಬೇಡಿ, ಅದು ಎಷ್ಟೇ ಚಿಕ್ಕದಿರಲಿ. ಸೇರುವಾಗ ವಿಮೆ ಹೇಗೆ ಅಂತ ಕೇಳಿಕೊಳ್ಳಿ. ಮಕ್ಕಳಿಗೂ ದೊಡ್ಡವರಿಗೂ ನಿಯಮ ಬೇರೆಬೇರೆ ಇರುತ್ತದೆ.

ಸಾಮಾನು: ಯಾವುದು ಈಗ, ಯಾವುದು ಆಮೇಲೆ

ಕೆ 10ಕ್ಕೆ ಮೊದಲ ದಿನಗಳಲ್ಲಿ ಸಾದಾ ಆಲ್ಪೈನ್ ಸ್ಕೀ, ಬೂಟು, ಹೆಲ್ಮೆಟ್ ಸಾಕು. ಕೋಲು ಬೇಡ. ಈ ಆಟದಲ್ಲಿ ಕೋಲೇ ಇಲ್ಲ.

ಜಂಪಿಂಗ್ ಸ್ಕೀ ಬೇರೆಯೇ ಜಾತಿ. ಉದ್ದ, ಅಗಲ, ಅಂಚಿಗೆ ಲೋಹದ ಪಟ್ಟಿ ಇಲ್ಲ, ತಳದಲ್ಲಿ ಉದ್ದುದ್ದ ಗೀರುಗಳು. ಬೂಟಿನ ಮುಂಭಾಗ ಮಾತ್ರ ಸ್ಕೀಗೆ ಕಟ್ಟಿರುತ್ತದೆ. ಹಿಮ್ಮಡಿ ಮೇಲೇಳುತ್ತದೆ, ಆದರೆ ಸ್ಕೀ ಜೋತು ಬೀಳದಂತೆ ಹಿಂದಿನಿಂದ ಹಗ್ಗವೋ ಸರಳೋ ಹಿಡಿದಿರುತ್ತದೆ. ಹೊರಡುವ ಮುಂಚೆ ಪ್ರತಿ ಸಲವೂ ಈ ಹಗ್ಗ ಎಳೆದು ನೋಡಿ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ಸಂದಿಯಲ್ಲಿ ಹಿಮ ಕೂತು ಮಂಜುಗಡ್ಡೆಯಾಗಿದ್ದರೆ ಬೂಟು ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ಕರಗಿ ಮತ್ತೆ ಗಟ್ಟಿಯಾಗುವ ಹವೆಯಲ್ಲಿ ಇದು ತೀರಾ ಸಾಮಾನ್ಯ. ಕಿಸೆಯಲ್ಲಿ ಒಂದು ಪ್ಲಾಸ್ಟಿಕ್ ಸ್ಕ್ರೇಪರ್ ಇಟ್ಟುಕೊಳ್ಳಿ.

ಹೊಸ ಸ್ಕೀಗೆ ದುಡ್ಡು ಸುರಿಯಬೇಡಿ. ಕ್ಲಬ್‌ಗಳಲ್ಲಿ ಹಳೆಯ ಜೋಡಿಗಳು ಬಾಡಿಗೆಗೋ ಎರವಲಿಗೋ ಸಿಗುತ್ತವೆ. ಸೂಟು ಅಂದರೆ ಸ್ಪಂಜಿನ ಪದರ ಇರುವ ದಪ್ಪ ಬಟ್ಟೆ. ಗಾಳಿ ಹಿಡಿಯುವುದೇ ಅದರ ಕೆಲಸ. 2025ರಲ್ಲಿ ಟ್ರಾಂಡ್‌ಹೈಮ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸೂಟಿನ ಹೊಲಿಗೆ ತಿದ್ದಿದ್ದಕ್ಕೆ ಆತಿಥೇಯ ನಾರ್ವೆಯ ತಂಡವೇ ಸಿಕ್ಕಿಬಿದ್ದು ದೊಡ್ಡ ರಾದ್ಧಾಂತವಾಯಿತು. ಒಂದು ಹೊಲಿಗೆಗೆ ಅಷ್ಟು ಬೆಲೆ! ನಮಗೆ ಕೆ 20 ತನಕ ಮೈಗೆ ಹೊಂದುವ, ಪಟಪಟ ಹಾರದ ಯಾವ ಬೆಚ್ಚನೆ ಬಟ್ಟೆಯೂ ನಡೆಯುತ್ತದೆ.

ಗಾಗಲ್ಸ್‌ನಲ್ಲಿ ಮಾತ್ರ ಜಿಪುಣತನ ಬೇಡ. ಎರಡು ಲೆನ್ಸ್ ಇರಲಿ. ಬಿಸಿಲಿಗೆ ಕಪ್ಪು, ಮೋಡದ ದಿನಕ್ಕೆ ಹಳದಿ ಅಥವಾ ತಿಳಿಗುಲಾಬಿ. ಕನ್ನಡಕ ಹಾಕುವವರು ಸಾಧ್ಯವಾದರೆ ಕಾಂಟ್ಯಾಕ್ಟ್ ಲೆನ್ಸ್‌ಗೆ ಬದಲಾಯಿಸಿ. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಕೊನೆಯ ಸ್ಥಾನ ಬಂದೂ ಲೋಕಪ್ರಸಿದ್ಧರಾದ ಬ್ರಿಟನ್ನಿನ ಎಡ್ಡೀ ಎಡ್ವರ್ಡ್ಸ್ ಗಾಗಲ್ಸ್ ಒಳಗೆ ದಪ್ಪ ಕನ್ನಡಕ ಹಾಕುತ್ತಿದ್ದರು. ಅದು ಮಂಜು ಕಟ್ಟಿ ಮುಂದೇನಿದೆ ಅಂತಲೇ ಕಾಣುತ್ತಿರಲಿಲ್ಲ. ಕೇಳಲು ತಮಾಷೆ, ಗೇಟ್ ಮೇಲೆ ಕೂತಾಗ ಅಲ್ಲ.

ಹಿಮ ಬೀಳುವ ಮುಂಚೆ: ಒಣನೆಲದ ಅಭ್ಯಾಸ

ಅಕ್ಟೋಬರ್, ನವೆಂಬರ್‌ನಲ್ಲಿ ಮನೆಯ ಹಾಲ್‌ನಲ್ಲೇ ಅರ್ಧ ಕೆಲಸ ಮುಗಿಸಬಹುದು. ಕುಕ್ಕರುಗಾಲಿನ ಹಾಗಲ್ಲ, ಅದಕ್ಕಿಂತ ಸ್ವಲ್ಪ ಮೇಲೆ ಕೂರಿ. ಮೊಣಗಂಟಿನ ಕೆಳಗಿನ ಮೂಳೆ ಬೂಟಿನ ನಾಲಿಗೆಗೆ ಒತ್ತಬೇಕು. ಬೆನ್ನು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರ. ಸೊಂಟ, ಭುಜ ಒಂದೇ ಮಟ್ಟ. ಕೈ ಹಿಂದಕ್ಕೆ, ಮೈಗೆ ಅಂಟಿಕೊಂಡು. ಕಣ್ಣು ಮುಂದೆ. ಪಾದ ಪೂರ್ತಿ ನೆಲಕ್ಕೆ. ಹೀಗೆ ಒಂದು ನಿಮಿಷ ಕೂತು ನೋಡಿ, ತೊಡೆ ಉರಿಯುತ್ತದೆ. ಉರಿಯದಿದ್ದರೆ ಸರಿಯಾಗಿ ಕೂತಿಲ್ಲ ಅಂತ.

ಅಲ್ಲಿಂದ ಒದೆಯುವುದು. ಎದೆಯನ್ನು ಮೇಲಕ್ಕೆ ಎಸೆಯಬೇಡಿ. ಕೈ ಬೀಸಬೇಡಿ. ಮೊಣಕಾಲು, ಸೊಂಟ ಬಿಚ್ಚಿಕೊಂಡು ಮೈ ಮುಂದಕ್ಕೆ, ಮೇಲಕ್ಕೆ ಹೋಗಬೇಕು. ಇದನ್ನು ಕೋಚ್ ಎದುರಿಗೆ ನಿಂತು ಹಿಡಿದು ಮಾಡಿಸುತ್ತಾರೆ: ನೀವು ಒದೆಯುತ್ತೀರಿ, ಅವರು ನಿಮ್ಮನ್ನು ಗಾಳಿಯಲ್ಲೇ ಅಡ್ಡ ಹಿಡಿದುಕೊಳ್ಳುತ್ತಾರೆ. ಮನೆಯಲ್ಲಿ ಹಾಗೆ ಹಿಡಿಯಲು ಗಟ್ಟಿಮುಟ್ಟಾದವರು ಬೇಕು, ಇಲ್ಲದಿದ್ದರೆ ಸುಮ್ನೆ ಸೋಫಾ ಮುರಿಯುತ್ತದೆ.

ಲ್ಯಾಂಡಿಂಗ್‌ಗೆ ಟೆಲಿಮಾರ್ಕ್ ಭಂಗಿ ಅಭ್ಯಾಸ ಮಾಡಿ. ಒಂದು ಪಾದ ಮುಂದೆ, ಒಂದು ಹಿಂದೆ, ಎರಡೂ ಮೊಣಕಾಲು ಮಡಚಿ, ಕೈ ಅಗಲ. ಸ್ಪರ್ಧೆಯಲ್ಲಿ ತೀರ್ಪುಗಾರರು ಇದನ್ನು ನೋಡಿ ಅಂಕ ಕೊಡುತ್ತಾರೆ. ಚಾಪೆಯ ಮೇಲೆ ಸ್ಟೂಲಿನಿಂದ ಹಾರಿ ಇಳಿದು ಎರಡೂ ಕಾಲಿಗೆ ರೂಢಿಸಿಕೊಳ್ಳಿ. ಟಿವಿಯಲ್ಲಿ ಕಾಣುವ ವಿ ಆಕಾರದ ಹಾರಾಟ 1980ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಯಾನ್ ಬೋಕ್ಲೋವ್ ಅವರಿಂದ ಬಂದದ್ದು. ಕೆ 10ರಲ್ಲಿ ಅದಕ್ಕೆ ಸಮಯವೇ ಸಿಗುವುದಿಲ್ಲ. ಸ್ಕೀ ಸಮಾನಾಂತರ ಇಟ್ಟರೆ ಸಾಕು.

ಊಟದ ಬಗ್ಗೆ ಒಂದು ಮಾತು. ಹಗುರಾಗಿದ್ದರೆ ದೂರ ಹಾರಬಹುದು ಅನ್ನುವುದು ಈ ಆಟದ ಹಳೇ ರೋಗ. ತೂಕ ತೀರಾ ಕಡಿಮೆ ಇದ್ದವರು ಗಿಡ್ಡ ಸ್ಕೀ ಹಾಕಬೇಕು ಅಂತ ಅಂತಾರಾಷ್ಟ್ರೀಯ ನಿಯಮವೇ ಇದೆ. 2018ರ ಒಲಿಂಪಿಕ್ ಚಿನ್ನ ಗೆದ್ದ ಮಾರೆನ್ ಲುಂಡ್ಬಿ, ತೂಕ ಇಳಿಸಲು ಮೈಯನ್ನು ಹಿಂಸಿಸುವುದಿಲ್ಲ ಅಂತ ಹೇಳಿ 2022ರ ಒಲಿಂಪಿಕ್ಸನ್ನೇ ಬಿಟ್ಟರು. ಹವ್ಯಾಸಕ್ಕೆ ಹಾರುವ ನಾವು ಉಪವಾಸ ಮಾಡುವುದಂತೂ ಶುದ್ಧ ಅವಿವೇಕ. ಮಕ್ಕಳ ಎದುರು ತೂಕದ ಮಾತೇ ಬೇಡ.

ಹಿಂದಿನ ರಾತ್ರಿ

ನಾರ್ವೆಯಲ್ಲಿ ಎಲ್ಲರೂ ನೋಡುವುದು ವೈಆರ್ ಆ್ಯಪ್. ಅಲ್ಲಿನ ಹವಾಮಾನ ಇಲಾಖೆ ಮತ್ತು ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ಸೇರಿ ನಡೆಸುತ್ತವೆ. ಗಂಟೆಗಂಟೆಯ ಪಟ್ಟಿ ತೆಗೆಯಿರಿ. ಒಟ್ಟು ಎಷ್ಟು ಚಳಿ ಅನ್ನುವುದಕ್ಕಿಂತ, ಅಭ್ಯಾಸದ ಹೊತ್ತಿನಲ್ಲಿ ಉಷ್ಣಾಂಶ ಸೊನ್ನೆಯ ಗೆರೆಯನ್ನು ದಾಟುತ್ತದೆಯಾ ಅನ್ನುವುದು ಮುಖ್ಯ. ಇಡೀ ಸಂಜೆ ಮೈನಸ್ 6 ಇದ್ದರೆ ನಿಶ್ಚಿಂತೆ. ಇಡೀ ಸಂಜೆ ಪ್ಲಸ್ 2 ಇದ್ದರೂ ಹೇಗೋ ನಡೆಯುತ್ತದೆ. 5 ಗಂಟೆಗೆ ಪ್ಲಸ್ 1, 7 ಗಂಟೆಗೆ ಮೈನಸ್ 2 ಅಂತಿದ್ದರೆ ಮೊದಲ ಹಾರಾಟದ ಟ್ರ್ಯಾಕೂ ಕೊನೆಯ ಹಾರಾಟದ ಟ್ರ್ಯಾಕೂ ಬೇರೆಬೇರೆ ಅಂತ ತಿಳಿದೇ ಹೋಗಿ.

ಗಾಳಿಯಲ್ಲಿ ಸರಾಸರಿ ಜೊತೆಗೆ ಬೀಸಿನ, ಅಂದರೆ ಒಮ್ಮೆಲೇ ನುಗ್ಗುವ ಗಾಳಿಯ ಅಂಕಿಯನ್ನೂ ನೋಡಿ. ಸರಾಸರಿ ಸೆಕೆಂಡಿಗೆ 2 ಮೀಟರ್, ಬೀಸು 8 ಅಂತಿದ್ದರೆ ಅದು ಕೆಟ್ಟ ಸಂಜೆ. ಸರಾಸರಿ 3, ಬೀಸು 4 ಇರುವ ಸಂಜೆ ಅದಕ್ಕಿಂತ ಎಷ್ಟೋ ವಾಸಿ. ಆದರೆ ಈ ಅಂಕಿ ಬಯಲಿನಲ್ಲಿ 10 ಮೀಟರ್ ಎತ್ತರದ ಗಾಳಿಯ ಲೆಕ್ಕ. ನಿಮ್ಮ ಹಿಲ್ ಸುತ್ತ ಸ್ಪ್ರೂಸ್ ಮರಗಳಿದ್ದರೆ ಗಾಳಿ ಕಡಿಮೆ. ಮರಗಳ ನಡುವೆ ಒಂದು ಕಡೆ ಸಂದಿ ಇದ್ದರೆ ಅಲ್ಲಿ ಮಾತ್ರ ರಪ್ಪನೆ ಹೊಡೆಯುತ್ತದೆ. ಆ ಸಂದಿ ಎಲ್ಲಿದೆ ಅಂತ ಹಳಬರಿಗೆ ಗೊತ್ತಿರುತ್ತದೆ, ಕೇಳಿ.

ಮೇಣ: ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ

ಹಿಮ ತಣ್ಣಗಿದ್ದಷ್ಟೂ ಅದರ ಹರಳು ಚೂಪು, ಗಟ್ಟಿ. ಅದಕ್ಕೆ ಗಟ್ಟಿ ಮೇಣ ಬೇಕು. ಒದ್ದೆ ಹಿಮಕ್ಕೆ ಮೆತ್ತನೆ ಮೇಣ. ಸ್ವಿಕ್ಸ್‌ನಂಥ ಕಂಪನಿಗಳ ಬಣ್ಣದ ಲೆಕ್ಕ ಸುಲಭ: ಕಡುಚಳಿಗೆ ಹಸಿರು, ಆಮೇಲೆ ನೀಲಿ, ಸೊನ್ನೆಯ ಹತ್ತಿರ ನೇರಳೆ, ಅದರಾಚೆ ಕೆಂಪು, ಹಳದಿ. ಹವೆ ಅತ್ತಿತ್ತ ಆಡುತ್ತಿದ್ದರೆ ತಣ್ಣನೆಯ ಕಡೆಗೇ ವಾಲಿ. ತಳವನ್ನು ಒರೆಸಿ, ಹೊಗೆ ಬಾರದ ಬಿಸಿಯಲ್ಲಿ ಇಸ್ತ್ರಿ ಆಡಿಸಿ, ಪೂರ್ತಿ ಆರಿದ ಮೇಲೆ ಕೆರೆದು, ಬ್ರಷ್ ಹಾಕಿ. ಗೀರುಗಳ ಒಳಗೆ ಮೇಣ ಉಳಿಯಬಾರದು. ಹಳೆಯ ಡಬ್ಬಿಗಳಲ್ಲಿ ಫ್ಲೋರಿನ್ ಮೇಣ ಸಿಕ್ಕರೆ ಬಳಸಬೇಡಿ. ಆರೋಗ್ಯಕ್ಕೂ ಪರಿಸರಕ್ಕೂ ಕೇಡು, 2023–24ರ ಸೀಸನ್‌ನಿಂದ ಸ್ಪರ್ಧೆಗಳಲ್ಲಿ ನಿಷೇಧವೂ ಆಗಿದೆ.

ಎಡಗಾಲಿನ ಸ್ಕೀಗೂ ಬಲಗಾಲಿನದಕ್ಕೂ ಒಂದೇ ಮೇಣ, ಒಂದೇ ಹದ. ಇದು ತಪ್ಪಿದರೆ ಟ್ರ್ಯಾಕಿನಲ್ಲಿ ಒಂದು ಕಾಲು ಓಡುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ.

ಹಿಲ್ ತಲುಪಿದ ಮೇಲೆ ಮೊದಲ ಅರ್ಧ ಗಂಟೆ

ಇಡೀ ಸಂಜೆಯ ಸುರಕ್ಷತೆ ನಿರ್ಧಾರವಾಗುವುದು ಈ ಅರ್ಧ ಗಂಟೆಯಲ್ಲಿ. ಬಂದವರೇ ಮೇಲೆ ಓಡಬೇಡಿ.

ಮೊದಲು ಲ್ಯಾಂಡಿಂಗ್ ಇಳಿಜಾರನ್ನು ತುಳಿಯಿರಿ. ಚಿಕ್ಕ ಹಿಲ್‌ಗಳಲ್ಲಿ ಇದು ಎಲ್ಲರೂ ಸೇರಿ ಮಾಡುವ ಶ್ರಮದಾನ. ಸ್ಕೀ ಅಡ್ಡ ಇಟ್ಟು, ಪಕ್ಕಕ್ಕೆ ಹೆಜ್ಜೆ ಹಾಕುತ್ತಾ, ಕೆಳಗಿನಿಂದ ಉಬ್ಬಿನ ತನಕ. ಮೈಯೂ ಬೆಚ್ಚಗಾಗುತ್ತದೆ, ಹಿಮದ ಗುಣವೂ ಕಾಲಿಗೆ ತಿಳಿಯುತ್ತದೆ. ಎಲ್ಲಿ ಕಾಲು ಹೂತುಹೋಯಿತು, ಎಲ್ಲಿ ಸ್ಕೀ ಜಾರಿತು ಅಂತ ನೆನಪಿಟ್ಟುಕೊಳ್ಳಿ. ನೀವು ಇಳಿಯುವ ಜಾಗ ಅದೇ. ರಾತ್ರಿ ಮಳೆ ಬಂದು ಬೆಳಗ್ಗೆ ಗಟ್ಟಿಯಾಗಿದ್ದರೆ ಮೇಲ್ಪದರವನ್ನು ಹಾರೆ, ಹಲ್ಲುಕೋಲಿನಿಂದ ಒಡೆದು ಪುಡಿ ಮಾಡಬೇಕು. ತೀರಾ ಮೆತ್ತಗಿದ್ದರೆ ಉಪ್ಪು ಹಾಕಿ ಗಟ್ಟಿ ಮಾಡುವ ಉಪಾಯ ಇದೆ. ಉಪ್ಪು ಹಿಮವನ್ನು ಸ್ವಲ್ಪ ಕರಗಿಸುತ್ತದೆ, ಕರಗಲು ಬೇಕಾದ ಶಾಖವನ್ನು ಸುತ್ತಲಿನ ಹಿಮದಿಂದಲೇ ಎಳೆಯುತ್ತದೆ, ಆಗ ಉಳಿದದ್ದು ಬಿಗಿಯಾಗುತ್ತದೆ. ಪ್ರಮಾಣ ತಪ್ಪಿದರೆ ಇಳಿಜಾರೇ ಹಾಳು. ಅದು ಹಿಲ್ ನೋಡಿಕೊಳ್ಳುವವರ ಕೆಲಸ, ನಮ್ಮದಲ್ಲ.

ಆಮೇಲೆ ಟ್ರ್ಯಾಕ್. ಇನ್‌ರನ್ ಪಕ್ಕದ ಮೆಟ್ಟಿಲು ಹತ್ತುತ್ತಾ ನಿಧಾನಕ್ಕೆ ನೋಡಿಕೊಂಡು ಹೋಗಿ. ಗೀರಿನ ತಳ ಬೆಳ್ಳಗೆ, ಮಂಕಾಗಿದ್ದರೆ ಒಣಗಿದೆ. ಬೂದು ಬಣ್ಣಕ್ಕೆ ತಿರುಗಿದ್ದರೆ ನೀರು ಕೂತಿದೆ. ಮಿರಮಿರ ಹೊಳೆದರೆ ಮಂಜುಗಡ್ಡೆ. ಗ್ಲೌಸ್ ತೆಗೆದು ಒಂದು ಮುಷ್ಟಿ ಹಿಮ ಹಿಂಡಿ. ಪುಡಿಪುಡಿಯಾಗಿ ಉದುರಿದರೆ ಚಳಿಯ ಹಿಮ. ಉಂಡೆ ಕಟ್ಟಿದರೆ ಸೊನ್ನೆಯ ಹತ್ತಿರ. ಬೆರಳ ಸಂದಿಯಿಂದ ನೀರು ಇಳಿದರೆ ಟ್ರ್ಯಾಕ್ ಕಚ್ಚುತ್ತದೆ ಅಂತ ಅರ್ಥ. ಮುಖ್ಯವಾಗಿ, ಟೇಬಲ್‌ಗೆ ಮುಂಚಿನ ಕೊನೆಯ ಕೆಲವು ಮೀಟರ್ ನೋಡಿ. ಹಗಲಿನಲ್ಲಿ ಮೇಲ್ಭಾಗ ಮರದ ನೆರಳಿನಲ್ಲಿದ್ದು ಕೆಳಭಾಗಕ್ಕೆ ಬಿಸಿಲು ಬಿದ್ದಿದ್ದರೆ, ಮೇಲೆ ರಭಸವಾಗಿ ಓಡಿದ ಸ್ಕೀ ಒದೆಯುವ ಹೊತ್ತಿಗೆ ಸರಿಯಾಗಿ ಕೆಸರುಗದ್ದೆಯಲ್ಲಿ ಕಾಲು ಸಿಕ್ಕ ಹಾಗೆ ತಡೆಯುತ್ತದೆ. ಸ್ಕೀ ನಿಂತಿತು, ಮೈ ಮುಂದಕ್ಕೆ ಹೋಯಿತು. ಚಿಕ್ಕ ಹಿಲ್‌ಗಳಲ್ಲಿ ನಾನು ಗಾಳಿಗಿಂತ ಹೆಚ್ಚು ಹೆದರುವುದು ಇದಕ್ಕೆ.

ಕೊನೆಗೆ ಔಟ್‌ರನ್. ಅಂಚಿಲ್ಲದ ಸ್ಕೀ ಮಂಜುಗಡ್ಡೆಯ ಮೇಲೆ ನಿಲ್ಲುವುದಿಲ್ಲ. ಬಯಲು ಗಟ್ಟಿಯಾಗಿ ಹೊಳೆಯುತ್ತಿದ್ದರೆ ತುದಿಯ ಬೇಲಿಗೆ ಮೊದಲೇ ಸಡಿಲ ಹಿಮ ಒಟ್ಟಿ.

ಮೆಟ್ಟಿಲು ಮೆಟ್ಟಿಲಾಗಿ ಹಾರಾಟ

1. ಮೊದಲು ಉಬ್ಬಿನ ಕೆಳಗಿನಿಂದ ಲ್ಯಾಂಡಿಂಗ್ ಇಳಿಜಾರನ್ನು ಸುಮ್ಮನೆ ಇಳಿಯಿರಿ. ಔಟ್‌ರನ್‌ನಲ್ಲಿ ನಿಂತು ನೋಡಿ. ನಿಲ್ಲಲು ಆಗದಿದ್ದರೆ ಹಾರುವ ಮಾತೇ ಇಲ್ಲ.

2. ಕೆಳಗಿನ ಗೇಟ್‌ನಿಂದ ಹೊರಟು, ಒದೆಯದೆ, ಕೂತ ಭಂಗಿಯಲ್ಲೇ ಟೇಬಲ್ ದಾಟಿ. ಇದರಲ್ಲಿ ತಿಳಿಯುವುದು ಟ್ರ್ಯಾಕಿನ ವೇಗ ಒಂದೇ. ತೂಕ ಪಾದದ ನಡುವೆ ಇರಲಿ.

3. ಅದೇ ಗೇಟ್‌ನಿಂದ ಅರ್ಧ ಬಲದ ಒದೆತ. ಲ್ಯಾಂಡಿಂಗ್ ಎರಡೂ ಕಾಲಿನಲ್ಲಿ, ಒಂದು ಪಾದ ತುಸು ಮುಂದೆ.

4. ಎಲ್ಲಿ ಇಳಿದಿರಿ ಅಂತ ಕೆಳಗೆ ನಿಂತವರನ್ನು ಕೇಳಿ. ಸತತ ಮೂರು ಸಲ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಇಳಿದರೆ ಪೂರ್ತಿ ಬಲ ಹಾಕಿ. ಆಮೇಲಷ್ಟೇ ಒಂದು ಗೇಟ್ ಮೇಲೆ.

ಹಿಮ ಬಿದ್ದು ಟ್ರ್ಯಾಕ್ ನಿಧಾನವಾಯಿತು ಅಂದುಕೊಳ್ಳಿ. ನಿಮಗೆ ಅನಿಸುವುದು ಎರಡು ಗೇಟ್ ಮೇಲಿನಿಂದ ಹೊರಡೋಣ ಅಂತ. ಅಷ್ಟರಲ್ಲಿ ಯಾರೋ ಟ್ರ್ಯಾಕ್ ಗುಡಿಸಿಬಿಟ್ಟರೆ? ಮೇಲಿನ ಗೇಟ್, ಓಡುವ ಟ್ರ್ಯಾಕ್, ಸಮತಟ್ಟಿನಲ್ಲಿ ಲ್ಯಾಂಡಿಂಗ್. ಹಾಗಾಗಿ ಮೊದಲು ಗುಡಿಸಿ, ಅನುಭವಿ ಒಬ್ಬರು ಹಾರಿ ನೋಡಲಿ, ಆಮೇಲೆ ಗೇಟ್. ಈ ಕ್ರಮ ತಲೆಕೆಳಗಾಗಬಾರದು. ಐದು ನಿಮಿಷ ಯಾರೂ ಹಾರದೆ ಹಿಮ ಬೀಳುತ್ತಿದ್ದರೆ ಮತ್ತೆ ಗುಡಿಸಬೇಕು.

ಕಡುಚಳಿಯಲ್ಲಿ ಇನ್ನೊಂದು ಥರದ ತೊಂದರೆ. ಮೈನಸ್ 12ರಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಮುಖಕ್ಕೆ ಬಡಿದರೆ ಚರ್ಮಕ್ಕೆ ಅದು ಸುಮಾರು ಮೈನಸ್ 23. ಹಾರಾಟ ಕೆಲವೇ ಸೆಕೆಂಡು, ಆದರೆ ಮೇಲೆ ಸರದಿಯಲ್ಲಿ ನಿಂತು ತೊಡೆ ತಣ್ಣಗಾಗುತ್ತದೆ. ತಣ್ಣಗಾದ ತೊಡೆ ತಡವಾಗಿ ಒದೆಯುತ್ತದೆ. ಮೇಲೆ ಜಾಕೆಟ್ ಹಾಕಿಕೊಂಡೇ ಕಾಯಿರಿ, ಸರದಿ ಬಂದಾಗ ಕಳಚಿ. ಮೂಗು, ಕೆನ್ನೆಯಲ್ಲಿ ಬಿಳಿ ಮಚ್ಚೆ ಕಂಡರೆ ಅಂಗೈ ಇಟ್ಟು ಬೆಚ್ಚಗೆ ಮಾಡಿ, ತಿಕ್ಕಬೇಡಿ. ಮಕ್ಕಳಿಗೆ ತಮ್ಮ ಕೆನ್ನೆ ಕಾಣುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡುವುದನ್ನು ಕಲಿಸಿ.

ಗಾಳಿ

ಎದುರುಗಾಳಿ ಒಳ್ಳೆಯದು, ಹಿಂಗಾಳಿ ಕೆಟ್ಟದ್ದು ಅಂತ ಕೇಳಿದಾಗ ಹೊಸಬರು ತಬ್ಬಿಬ್ಬಾಗುತ್ತಾರೆ. ಸೈಕಲ್‌ಗೆ ಇದು ಉಲ್ಟಾ ಅಲ್ವಾ? ಇಲ್ಲಿ ಎದುರಿನಿಂದ ಬರುವ ಗಾಳಿ ಸ್ಕೀ ಮತ್ತು ಮೈಯ ಕೆಳಗೆ ಸೇರಿ ಎತ್ತುತ್ತದೆ. ಹಿಂದಿನಿಂದ ಬರುವುದು ಕೆಳಕ್ಕೆ ಒತ್ತುತ್ತದೆ, ಉಬ್ಬಿನ ಹತ್ತಿರವೇ ಇಳಿಸುತ್ತದೆ. ಬಿಸಿಲಿನ ಮಧ್ಯಾಹ್ನ ಬಿಸಿಯಾದ ಗಾಳಿ ಇಳಿಜಾರನ್ನು ಹತ್ತುತ್ತದೆ, ಅಂದರೆ ಹಾರುವವರಿಗೆ ಎದುರುಗಾಳಿ. ಸೂರ್ಯ ಇಳಿದ ಮೇಲೆ ತಣ್ಣನೆ ಗಾಳಿ ಭಾರವಾಗಿ ಕೆಳಗೆ ಹರಿಯುತ್ತದೆ, ಅದು ಹಿಂಗಾಳಿ. ಒಂದೇ ಹಿಲ್, ಒಂದೇ ಗೇಟ್, ಮಧ್ಯಾಹ್ನ ಮೂರಕ್ಕೂ ಸಂಜೆ ಆರಕ್ಕೂ ಇಳಿಯುವ ಜಾಗ ಬೇರೆ ಆಗುವುದು ಇದರಿಂದಲೂ ಹೌದು.

ಒಂದೇ ಸಮನೆ ಬೀಸುವ ಗಾಳಿಗೆ ಹೊಂದಿಕೊಳ್ಳಬಹುದು. ಹೊಂದಿಕೊಳ್ಳಲಾಗದ್ದು ಬಂದು ಹೋಗುವ ಗಾಳಿಗೆ. ಎದುರುಗಾಳಿ ಎತ್ತಿ ಹಿಡಿದು ನಡುವೆ ಕೈಬಿಟ್ಟರೆ ದೊಪ್ಪನೆ ಬೀಳುತ್ತೀರಿ. ಅಡ್ಡಗಾಳಿ ಒಂದು ಸ್ಕೀಯನ್ನು ಮಾತ್ರ ಎತ್ತಿದರೆ ಮೈ ತಿರುಗುತ್ತದೆ. ಫಿನ್ಲೆಂಡಿನ ರುಕಾ ಹಿಲ್ ಇಂಥ ಗಾಳಿಗೇ ಹೆಸರುವಾಸಿ. ಅಲ್ಲಿ ವಿಶ್ವಕಪ್ ಸ್ಪರ್ಧೆಗಳೇ ಕಾದು ಕಾದು ರದ್ದಾಗಿವೆ. ಹೋಲ್ಮೆನ್‌ಕೋಲೆನ್ ಹಿಲ್ಲನ್ನು 2010ರಲ್ಲಿ ಹೊಸದಾಗಿ ಕಟ್ಟಿದಾಗ ಗಾಳಿತಡೆಯನ್ನು ಕಟ್ಟಡದಲ್ಲೇ ಸೇರಿಸಿದರು.

ನಮ್ಮ ಹಿಲ್‌ನಲ್ಲಿ ಇರುವುದು ಇಳಿಜಾರಿನ ಪಕ್ಕ ನೆಟ್ಟ ಬಟ್ಟೆ ಪಟ್ಟಿಗಳು. ಟೇಬಲ್ ಹತ್ತಿರ ಒಂದು, ನಡುವೆ ಒಂದು, ಕೆಳಗೆ ಒಂದು ಇರಲಿ. ಇಲ್ಲದಿದ್ದರೆ ನೀವೇ ಕಡ್ಡಿಗೆ ರಿಬ್ಬನ್ ಕಟ್ಟಿ ನೆಡಿ. ಮೂರೂ ಒಂದೇ ಕಡೆ ತೋರಿಸಿದರೆ ಹೊರಡಬಹುದು. ಮೂರು ಮೂರು ಕಡೆ ತೋರಿಸಿದರೆ ಕಾಯಿರಿ. ಇಬ್ಬರು ಹಾರುವ ನಡುವಿನ ಹೊತ್ತಿನಲ್ಲೇ ದಿಕ್ಕು ಬದಲಾಗುತ್ತಿದ್ದರೆ ಚಿಕ್ಕ ಹಿಲ್‌ಗೆ ಇಳಿಯಿರಿ. ಕೆ 40ರಲ್ಲಿ ಗಾಳಿ ಸೆಕೆಂಡಿಗೆ 3 ಮೀಟರ್ ದಾಟಿದರೆ ನಾನು ಕೆ 20ಕ್ಕೆ ಇಳಿಯುತ್ತೇನೆ. ಇದು ನಿಯಮವಲ್ಲ, ನನ್ನ ಲೆಕ್ಕ.

ಬಾವುಟ ಕೋಚ್ ಕೈಯಲ್ಲಿರುತ್ತದೆ. ಅದು ಇಳಿದರೆ ಹೊರಡುವುದು, ಇಳಿಯದಿದ್ದರೆ ಗೇಟ್‌ನಿಂದ ಪಕ್ಕಕ್ಕೆ ಸರಿದು ಎದ್ದು ಬರುವುದು. ಎದ್ದು ಬರುವುದನ್ನೂ ಅಭ್ಯಾಸ ಮಾಡಿ. ಉದ್ದ ಸ್ಕೀ ಹಾಕಿಕೊಂಡು ಗೇಟ್‌ನಲ್ಲಿ ಕೂರುವ ಅಡ್ಡಪಟ್ಟಿಯಿಂದ ಏಳುವುದು ಸುಲಭವಲ್ಲ.

"ಅಪ್ಪಾ, ಗಾಳಿ ನಿಂತಿದೆ. ದೊಡ್ಡದರಲ್ಲಿ ಒಂದೇ ಒಂದು ಸಲ?"

"ನಿಂತಿಲ್ಲ ಪುಟ್ಟಿ, ಕಾಯ್ತಾ ಇದೆ. ಕೆಳಗಿನ ರಿಬ್ಬನ್ ನೋಡು."

ಈ ಮಾತುಕತೆ ನಮ್ಮ ಮನೆಯಲ್ಲಿ ಪ್ರತಿ ಫೆಬ್ರವರಿ ನಡೆಯುತ್ತದೆ. ರಿಬ್ಬನ್ ತೋರಿಸಿದರೆ ವಾದ ಬೇಗ ಮುಗಿಯುತ್ತದೆ.

ಮಂಜು ಮುಸುಕಿದಾಗ

ಮೋಡ ಕವಿದ ದಿನ ಹಿಮದ ಮೇಲೆ ನೆರಳೇ ಬೀಳುವುದಿಲ್ಲ. ಇಳಿಜಾರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯದು. ನೆಲ ಇನ್ನೂ ದೂರ ಇದೆ ಅಂದುಕೊಳ್ಳುವಾಗಲೇ ಕಾಲು ತಗಲುತ್ತದೆ. ಲ್ಯಾಂಡಿಂಗ್‌ನ ಎರಡೂ ಅಂಚಿಗೆ, ಅಡ್ಡಕ್ಕೂ ಒಂದೆರಡು ಸಾಲು, ಸ್ಪ್ರೂಸ್ ಎಲೆಗಳನ್ನು ಉದುರಿಸಿ. ಮರದ ಕೆಳಗೆ ಬೇಕಾದಷ್ಟು ಬಿದ್ದಿರುತ್ತವೆ. ದೊಡ್ಡ ಹಿಲ್‌ಗಳಲ್ಲಿ ನೀಲಿ ಬಣ್ಣದ ಗೆರೆ ಎಳೆಯುತ್ತಾರೆ. ಇಂಥ ದಿನ ಟೆಲಿಮಾರ್ಕ್ ಬೇಡ, ಮೊಣಕಾಲು ಮೊದಲೇ ಸಡಿಲ ಬಿಟ್ಟು ಎರಡೂ ಕಾಲಿನಲ್ಲಿ ಇಳಿಯಿರಿ. ಗೇಟ್‌ನಿಂದ ಕೋಚ್ ಕಾಣದಷ್ಟು ಮಂಜು ಇದ್ದರೆ ಚರ್ಚೆ ಬೇಡ, ಹಾರಬೇಡಿ.

ಬಿದ್ದರೆ

ಬೀಳುತ್ತೀರಿ. ಕೈ ಊರಬೇಡಿ, ಮಣಿಕಟ್ಟು ಹೋಗುತ್ತದೆ. ಬೆನ್ನಿನ ಮೇಲೋ ಪಕ್ಕಕ್ಕೋ ಜಾರಿ, ಕಾಲು ಕೆಳಗಿನ ಕಡೆಗೆ, ಸ್ಕೀ ನೆಲಕ್ಕೆ ಸಿಗದಂತೆ ಎತ್ತಿ. ತಾನಾಗಿ ನಿಲ್ಲುವ ತನಕ ಏಳಲು ಹೋಗಬೇಡಿ. ನಿಂತ ಮೇಲೆ ಬೇಗ ಪಕ್ಕಕ್ಕೆ ಸರಿದು ಕೈ ಎತ್ತಿ. ತಲೆಗೆ ಪೆಟ್ಟಾಗಿದ್ದರೆ, ಚೆನ್ನಾಗಿದ್ದೀನಿ ಅಂತ ನಿಮಗೆ ಅನಿಸಿದರೂ, ಆ ದಿನದ ಹಾರಾಟ ಮುಗಿಯಿತು. ವಾಂತಿ, ತಲೆಸುತ್ತು, ಮಂಪರು ಇದ್ದರೆ ಡಾಕ್ಟರು. ಜೋರಾಗಿ ಬಡಿದ ಹೆಲ್ಮೆಟ್ ಮತ್ತೆ ಹಾಕಬಾರದು, ಹೊರಗೆ ಬಿರುಕು ಕಾಣದಿದ್ದರೂ.

ನಿಲ್ಲಿಸುವ ಹೊತ್ತು

ಬೀಳುವ ಮಳೆ ತಗಲಿದ್ದಕ್ಕೆಲ್ಲ ಹೆಪ್ಪುಗಟ್ಟುತ್ತಿದ್ದರೆ ತಕ್ಷಣ ನಿಲ್ಲಿಸಿ. ಇನ್‌ರನ್ ಮೆಟ್ಟಿಲೇ ಮೊದಲು ಜಾರುತ್ತದೆ, ಅಲ್ಲಿ ಬಿದ್ದವರೂ ಇದ್ದಾರೆ. ಸೂಟು ನೆನೆದು ಭಾರವಾಗಿದ್ದರೆ ನಿಲ್ಲಿಸಿ. ಒಬ್ಬರ ಹಿಂದೆ ಒಬ್ಬರಂತೆ ಇಬ್ಬರು ಒಂದೇ ಜಾಗದಲ್ಲಿ ತಡವರಿಸಿದರೆ ಅದು ಅವರ ತಪ್ಪಲ್ಲ, ಟ್ರ್ಯಾಕ್ ನೋಡಿ. ನಿಮ್ಮದೇ ಒದೆತ ಸತತವಾಗಿ ತಡವಾಗುತ್ತಿದ್ದರೆ ಕಾಲು ಸೋತಿದೆ. "ಕೊನೆಯದೊಂದು" ಅಂತ ಹೇಳಿ ಮೆಟ್ಟಿಲು ಹತ್ತುವ ಅಭ್ಯಾಸ ಬೇಡ. ಮುಗಿಸಬೇಕು ಅನ್ನಿಸಿದಾಗ ಆಗಲೇ ಕೊನೆಯದು ಮುಗಿದಿದೆ ಅಂತ ಲೆಕ್ಕ.

ಮನೆಗೆ ಬಂದ ಮೇಲೆ

ಪುಟ್ಟ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಿರಿ: ಉಷ್ಣಾಂಶ, ಹಿಮದ ಗುಣ, ಯಾವ ಮೇಣ, ಯಾವ ಗೇಟ್‌ನಿಂದ ಎಲ್ಲಿ ಇಳಿದಿರಿ. ಎರಡು ಚಳಿಗಾಲ ಕಳೆದರೆ ಇದು ಯಾವ ಆ್ಯಪ್‌ಗಿಂತಲೂ ನಿಮ್ಮ ಹಿಲ್ ಬಗ್ಗೆ ಚೆನ್ನಾಗಿ ಹೇಳುತ್ತದೆ. ಸ್ಕೀ ತಳ ಒರೆಸಿ, ಮೇಣ ಹಚ್ಚಿ ಕೆರೆಯದೆ ಹಾಗೇ ಬಿಡಿ. ಬೂಟಿನ ಒಳಪದರ ಹೊರಗೆ ತೆಗೆದು, ಒಳಗೆ ನ್ಯೂಸ್‌ಪೇಪರ್ ತುರುಕಿ. ಸೂಟನ್ನು ಒಳಮೈ ಹೊರಗೆ ಮಾಡಿ ಅಗಲವಾದ ಹ್ಯಾಂಗರ್‌ಗೆ ಹಾಕಿ, ಹೀಟರ್‌ನಿಂದ ದೂರ. ಹತ್ತಿರ ಇಟ್ಟರೆ ಸ್ಪಂಜಿನ ಪದರ ಸುಕ್ಕುಗಟ್ಟಿ ಬಟ್ಟೆ ಬಿಟ್ಟುಕೊಳ್ಳುತ್ತದೆ, ಆಮೇಲೆ ಅದನ್ನು ಸರಿಮಾಡಲು ಬರುವುದಿಲ್ಲ.